ಸ್ಟೂಲಿನ ಮೇಲಿಂದ

ನಾನೂರು ರೂಪಾಯಿ, ಎರಡು ಗಂಟೆ, ನಡುವೆ ಒಂದು ಟೀ.
ಕೆಲಸವೆಂದರೆ ಅಲ್ಲಾಡದೆ ಕೂರುವುದು.
ಮೈಸೂರಿನ ಈ ಚಿತ್ರಶಾಲೆಯಲ್ಲಿ
ಹದಿನಾಲ್ಕು ಮಕ್ಕಳ ನಡುವೆ
ನಾನೊಂದು ಹೂಜಿ, ನಾನೊಂದು ಕುಂಬಳಕಾಯಿ.

ಅವರು ನನ್ನನ್ನು ನೋಡುತ್ತಾರೆ.
ಅವರು ನೋಡುವುದನ್ನು ನಾನು ನೋಡುತ್ತೇನೆ.

ಹದಿನೆಂಟು ವರ್ಷ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ
ಪಿಸ್ಟನ್ ಅಳೆದವನು ನಾನು,
ಕೂದಲೆಳೆಯ ಹತ್ತನೇ ಪಾಲಿಗೆ ಪಾಸು, ಫೇಲು ಎಂದವನು.
ಅಳೆಯುವವರು ಎದುರಿಗಿದ್ದರೆ ಗುರುತು ಹತ್ತುತ್ತದೆ.

ಮೊದಲ ವಾರ ಯಾರೂ ಅಳೆಯಲಿಲ್ಲ.
ಪಾಂಡವಪುರದ ಲೋಹಿತ ಒಮ್ಮೆ ನನ್ನ ಕಡೆ ತಿರುಗಿ
ತಲೆ ಬಗ್ಗಿಸಿ ಕಾಲು ಗಂಟೆ ಗೀಚಿದ.
ಬಿಡುವಿನಲ್ಲಿ ಇಣುಕಿದೆ: ಬಾದಾಮಿಯಂಥ ಎರಡು ಕಣ್ಣು,
ಕಮಾನಿನ ಹುಬ್ಬು, ನೆಟ್ಟಗೊಂದು ಮೂಗು.
ಮೂರನೇ ಕ್ಲಾಸಿನಿಂದ ಅವನು ಹೊತ್ತು ತಂದ ಮುಖ.
ನಾನಲ್ಲಿ ಬರೀ ನೆಪ.

ಮೇಡಂ ತಿದ್ದಲಿಲ್ಲ. ಇಷ್ಟೇ ಅಂದರು:
"ಮೂಗು ಅನ್ನೋ ಪದಾನೇ ಮರೆತುಬಿಡಿ.
ಕತ್ತಲೆ ಎಲ್ಲಿ ನಿಲ್ಲುತ್ತೆ, ಅದನ್ನ ಹುಡುಕಿ."

ಆಮೇಲೆ ಶುರುವಾಯಿತು ತಲೆಗಳ ಏರಿಳಿತ.
ಮೇಲೆ, ಕೆಳಗೆ, ಮೇಲೆ, ಕೆಳಗೆ,
ವರುಣಾ ನಾಲೆ ಬದಿಯ ಗದ್ದೆಯಲ್ಲಿ
ಬೆಳ್ಳಕ್ಕಿ ಹೆಕ್ಕಿದ ಹಾಗೆ.
ಎಣಿಸಿದೆ, ಇನ್ನೇನು ಕೆಲಸ?
ಒಂದು ನೋಟಕ್ಕೆ ಒಂದು ಗೀರು, ಹೆಚ್ಚೆಂದರೆ ಒಂದೂವರೆ.
ಕಣ್ಣು ತರುವುದು ಒಂದೇ ಬೊಗಸೆ;
ಕಾಗದ ಮುಟ್ಟುವಷ್ಟರಲ್ಲಿ ಅರ್ಧ ಸೋರಿರುತ್ತದೆ.
ಅದಕ್ಕೇ ಮತ್ತೆ ಓಟ.

ಇನ್ನೊಂದು ಕಂಡೆ.
ಗೆರೆ ಎಳೆಯುವ ಮುನ್ನ ಕೈ
ಕಾಗದಕ್ಕಿಂತ ಬೆರಳಗಲ ಮೇಲೆ, ಗಾಳಿಯಲ್ಲೇ
ಎರಡು ಸಲ ಎಳೆದುಕೊಳ್ಳುತ್ತದೆ.
ಯಾವ ಚಿತ್ರದಲ್ಲೂ ಉಳಿಯದ ಗೆರೆ ಅದು.
ಕಣ್ಣು ಕೈಗೆ ಹೇಳಿಕೊಟ್ಟ ಪಾಠವೋ
ಕೈ ಕಣ್ಣಿಗೆ ಹಾಕಿದ ಸವಾಲೋ,
ನನಗೆ ಬಗೆಹರಿದಿಲ್ಲ.

ಉದಯಗಿರಿಯ ತಸ್ಮಿಯಾ ಕೂರುವುದು ಕಿಟಕಿ ಪಕ್ಕ.
ಅವಳ ಗೆರೆ ಸಿಟಿ ಬಸ್ಸಿನ ಹಾಗೆ,
ಕಿವಿಯ ತುದಿಯಲ್ಲಿ ನಿಂತಿತು, ದವಡೆಯ ತಿರುವಿನಲ್ಲಿ ನಿಂತಿತು,
ಕೆನ್ನೆಯ ನೇರ ರಸ್ತೆಯಲ್ಲಿ
ನನ್ನತ್ತ ನೋಡದೆಯೇ ಓಡಿತು.
ನಾವೆಲ್ಲ ನೋಡುವುದೂ ಹೀಗೇ ಏನೋ:
ತಿರುವುಗಳಲ್ಲಿ ಮಾತ್ರ ಎಚ್ಚರ,
ಉಳಿದ ದಾರಿಯೆಲ್ಲ ಅಂದಾಜು.

ನಾಲ್ಕನೇ ವಾರ ಅವಳ ಕೈ
ನನ್ನ ಎಡಗಣ್ಣಿನ ಹತ್ತಿರ ಬಂದು ಸಿಕ್ಕಿಕೊಂಡಿತು.
ಒಂದು ನೋಟ. ಇನ್ನೊಂದು. ಏಳು. ಎಂಟು.
ಪೆನ್ಸಿಲ್ ಇಳಿಯದೆ ಸುತ್ತಿ, ಬಲಗಣ್ಣಿಗೆ ಹೋಗಿ,
ಏನನ್ನೋ ಕೇಳಿಕೊಂಡು ವಾಪಸು ಬಂತು.
ರಬ್ಬರು. ಮತ್ತೆ ರಬ್ಬರು.
ಕಾಗದದ ಮೈಯೆಲ್ಲ ಜುಂಗೆದ್ದಿತು.

"ಏನಾಯ್ತಮ್ಮ?" ತುಟಿ ಅಲ್ಲಾಡಿಸದೆ ಕೇಳಿದೆ.
"ಗೊತ್ತಿಲ್ಲ ಅಂಕಲ್. ನೋಡಿದ್ರೆ ಎಲ್ಲಾ ಸರಿಯಾಗೇ ಇದೆ.
ಕೈ ಮಾತ್ರ ಒಪ್ತಾ ಇಲ್ಲ."

ಎಂಬತ್ತೇಳರ ಒಂದು ಭಾನುವಾರ,
ಮಂಡಿ ಮೊಹಲ್ಲಾದಲ್ಲಿ ಭಾವಮೈದುನನ ಲೇತು ಶೆಡ್ಡು,
ಸಿಡಿದ ಉಕ್ಕಿನ ಚೂರು.
ಡಾಕ್ಟರು ಕಣ್ಣು ಉಳಿಸಿದರು, ನೋಟ ಉಳಿಯಲಿಲ್ಲ.
ಅಳೆಯುವ ಕೆಲಸ ಹೋದೀತೆಂದು ಯಾರಿಗೂ ಹೇಳಲಿಲ್ಲ.
ಕಾರ್ಖಾನೆಯ ಗೇಟು ಮುಚ್ಚುವವರೆಗೆ ಒಂಬತ್ತು ವರ್ಷ
ಎದುರು ಮೇಜಿನ ಶಿವನಂಜಯ್ಯ, ಕಣ್ಣಲ್ಲಿ ಕಣ್ಣಿಟ್ಟು
ಮಾತಾಡಿದವನು, ಗಮನಿಸಲೇ ಇಲ್ಲ.

ಈಗ ಈ ಹುಡುಗಿಯ ಮಣಿಕಟ್ಟಿಗೆ ತಿಳಿದುಹೋಗಿದೆ,
ಅವಳಿಗಿನ್ನೂ ತಿಳಿದಿಲ್ಲ.

ಕೊನೆಗೆ ಎಡಗಣ್ಣಿನ ಪಾಪೆಯನ್ನು
ಕಿವಿಯ ಕಡೆಗೆ ಚೂರೇ ಚೂರು ಸರಿಸಿ ಇಟ್ಟಳು.
ಎಷ್ಟು ಸರಿಸಿದಳೆಂದು
ನನ್ನ ಹಳೆಯ ಮಾಪಕವೊಂದೇ ಹೇಳಬಲ್ಲದು.

ಟೀ ಬಂತು. ಯಾರೋ ಲೋಟ ಚಾಚಿದರು.
ಹಿಡಿಯಲು ಹೋದ ನನ್ನ ಕೈ
ಬೆರಳಗಲ ಈಚೆ, ಗಾಳಿಯಲ್ಲೇ ಒಮ್ಮೆ ತಡೆದು,
ದೂರ ಅಂದಾಜು ಮಾಡಿಕೊಂಡು,
ಆಮೇಲೆ ಮುಟ್ಟಿತು.

ತಲೆ ಎತ್ತಿದೆ.
ತಸ್ಮಿಯಾ ನನ್ನ ಮುಖ ನೋಡುತ್ತಿರಲಿಲ್ಲ.
ಹೊಸ ಹಾಳೆ ತೆಗೆದು
ಕೈ ಬರೆಯತೊಡಗಿದ್ದಳು.